ಗಿಳಿಪಾಠಕ್ಕೆ ಬೆಲೆ ಕಟ್ಟಿದ ಕಾಲ: ಗಡಿನಾಡ ಶಾಲೆ, ಪರೀಕ್ಷೆಯ ಫಲ ಮತ್ತು ಮೇಷ್ಟ್ರ ಸಂಬಳ

ಮಕ್ಕಳ ಅಂಕ ನೋಡಿ ಮೇಷ್ಟ್ರ ಕೆಲಸವನ್ನು ಅಳೆಯಬಹುದೇ ಅನ್ನುವುದು ಇವತ್ತಿನ ಪ್ರಶ್ನೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಕಾಸರಗೋಡು, ಹೊಸೂರು, ಆದವಾನಿ, ರಾಯದುರ್ಗಗಳು ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಈ ಪ್ರಯೋಗ 19ನೆಯ ಶತಮಾನದಲ್ಲೇ ನಡೆದಿದೆ, ಬಿದ್ದೂ ಹೋಗಿದೆ. ಅದು ಯಾಕೆ ಬಿತ್ತು ಅನ್ನುವುದನ್ನು ಗಡಿನಾಡಿನ ಕಡೆಯಿಂದ ನೋಡುವುದು ನನ್ನ ಪ್ರಯತ್ನ.

ಮೊದಲು 1823ಕ್ಕೆ ಹೋಗೋಣ. ಮದ್ರಾಸಿನ ಗವರ್ನರ್ ಮನ್ರೋ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ ಒಂದು ವರದಿ ಕಳಿಸಿದರು. ಆದವಾನಿ, ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಜಿಲ್ಲೆಯಲ್ಲಿ ಒಟ್ಟು 533 ಶಾಲೆ, 6,641 ಮಕ್ಕಳು. ಅದರಲ್ಲಿ ಕನ್ನಡ ಶಾಲೆ 235, ತೆಲುಗು ಶಾಲೆ 226. ಹೆಚ್ಚುಕಡಿಮೆ ಸಮ. ಮಕ್ಕಳು ಮರಳಲ್ಲಿ ಅಕ್ಷರ ತಿದ್ದುತ್ತಿದ್ದರು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಈ ಕ್ರಮವನ್ನು ಮೆಚ್ಚಿದ ಕ್ಯಾಂಪ್‌ಬೆಲ್ ಒಂದು ದೂರನ್ನೂ ಬರೆದರು: ಪದ್ಯದ ಭಾಷೆ ಆಡುಮಾತಿಗಿಂತ ಬೇರೆ, ಹಾಗಾಗಿ ಮಕ್ಕಳು ಅರ್ಥ ತಿಳಿಯದೆ ಗಿಳಿಗಳ ಹಾಗೆ ಒಪ್ಪಿಸುತ್ತಾರೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಈ ಮಾತು ಮುಖ್ಯ. ಕಲಿಕೆಯ ಕಷ್ಟವನ್ನು ಅವರು ಎರಡು ಭಾಷೆಗಳ ನಡುವಿನ ದೂರದಲ್ಲೂ ಕಂಡರು.

ಇನ್ನು 1862ರ ಇಂಗ್ಲೆಂಡ್. ರಾಬರ್ಟ್ ಲೋ ತಂದ ಹೊಸ ನಿಯಮದಲ್ಲಿ ಶಾಲೆಯ ಅನುದಾನ ಪರೀಕ್ಷೆಗೆ ಅಂಟಿಕೊಂಡಿತು. ಹಾಜರಿಗೆ ಸಿಗುವ ಹಣ ಬೇರೆ. ಅದರ ಮೇಲೆ, ಆರು ವರ್ಷ ದಾಟಿದ ಮಗುವಿನ ಪರೀಕ್ಷೆಗೆ 8 ಶಿಲಿಂಗ್. ಓದು, ಬರಹ, ಲೆಕ್ಕ ಈ ಮೂರರಲ್ಲಿ ಒಂದರಲ್ಲಿ ಫೇಲಾದರೂ 2 ಶಿಲಿಂಗ್ 8 ಪೆನ್ಸ್ ಕಡಿತ. ಅಂದರೆ ಮೂರರಲ್ಲೊಂದು ಪಾಲು ಹೋಯಿತು. ಮೇಷ್ಟ್ರ ಸಂಬಳ ಈ ಅನುದಾನವನ್ನೇ ನೆಚ್ಚಿಕೊಂಡಿತು. ಸ್ವತಃ ಶಾಲಾ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ತಮ್ಮ ವರದಿಗಳಲ್ಲೇ ಇದನ್ನು ವಿರೋಧಿಸಿದರು. ಓದಲು ಬಾರದ ಮಗುವನ್ನೂ ಓದಿನ ಪರೀಕ್ಷೆ ದಾಟಿಸಬಹುದು, ಪಾಠ ಯಾಂತ್ರಿಕವಾಗುತ್ತದೆ ಅನ್ನುವುದು ಅವರ ವಾದ.

ಅದೇ 1860ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಈ ಪದ್ಧತಿ ಬಂತು. ಇನ್‌ಸ್ಪೆಕ್ಟರ್ ಬಂದು ಮಕ್ಕಳನ್ನು ಪರೀಕ್ಷಿಸಬೇಕು, ಪಾಸಾದವರ ಲೆಕ್ಕದ ಮೇಲೆ ಅನುದಾನ. 1882ರ ಹಂಟರ್ ಆಯೋಗ ಕಾಲೇಜುಗಳಿಗೆ ಇದು ಬೇಡ ಎಂದಿತು, ಪ್ರಾಥಮಿಕ ಶಾಲೆಗಳಿಗೆ ಮಾತ್ರ ಇದನ್ನೇ ಶಿಫಾರಸು ಮಾಡಿತು. ವಿಚಿತ್ರ ನೋಡಿ: 1823ರಲ್ಲಿ ಒಬ್ಬ ಕಲೆಕ್ಟರ್ ದೋಷ ಎಂದು ಗುರುತಿಸಿದ ಗಿಳಿಪಾಠಕ್ಕೆ ಐವತ್ತು ವರ್ಷ ಕಳೆಯುವಷ್ಟರಲ್ಲಿ ಸರ್ಕಾರವೇ ಹಣ ಕೊಡತೊಡಗಿತ್ತು. ಇನ್‌ಸ್ಪೆಕ್ಟರ್ ಬರುವ ಒಂದು ದಿನಕ್ಕಾಗಿ ವರ್ಷವಿಡೀ ಬಾಯಿಪಾಠ ಮಾಡಿಸುವುದು ಮೇಷ್ಟ್ರ ಹೊಟ್ಟೆಪಾಡಾಯಿತು. ಸುಗ್ಗಿಯಲ್ಲಿ ಶಾಲೆ ಬಿಡುವ ಹುಡುಗ, ನಿಧಾನವಾಗಿ ಕಲಿಯುವ ಹುಡುಗಿ ಅವರ ಲೆಕ್ಕದಲ್ಲಿ ನಷ್ಟವಾದರು. ಕೊನೆಗೆ ಇಂಗ್ಲೆಂಡಿನಲ್ಲಿ 1890ರ ದಶಕದಲ್ಲಿ, ಭಾರತದಲ್ಲಿ ಕರ್ಜನ್ ಕಾಲದಲ್ಲಿ ಇದನ್ನು ಕೈಬಿಟ್ಟರು.

ಗಡಿನಾಡಿಗೆ ಇದರಿಂದ ಏನು? ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ, ಮರಾಠಿ ಯಾವುದನ್ನಾದರೂ ಆಡುತ್ತಿರಬಹುದು. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅಲ್ಲಿ ಕನ್ನಡ ಮನೆಯ ಎಷ್ಟೋ ಮಕ್ಕಳಿಗೆ ಶಾಲೆಯ ಭಾಷೆ ತೆಲುಗು. ಇಂಥ ಕಡೆ ಮೇಷ್ಟ್ರ ಮೊದಲ ಕೆಲಸವೇ ಮಗುವನ್ನು ಮನೆಮಾತಿನಿಂದ ಶಾಲೆಯ ಮಾತಿಗೆ ಕೈಹಿಡಿದು ದಾಟಿಸುವುದು. ವರ್ಷದ ಕೊನೆಯ ಅಂಕದಲ್ಲಿ ಮಗು ಎಲ್ಲಿ ನಿಂತಿದೆ ಅನ್ನುವುದು ಕಾಣುತ್ತದೆ, ಎಲ್ಲಿಂದ ಹೊರಟಿತ್ತು ಅನ್ನುವುದು ಕಾಣುವುದಿಲ್ಲ. ಆ ಅಂಕವೇ ಮೇಷ್ಟ್ರ ಮೌಲ್ಯಮಾಪನವಾದರೆ, ಹೆಚ್ಚು ದೂರ ನಡೆಸಿದವರಿಗೇ ಕಡಿಮೆ ಬೆಲೆ.

ಇದು ಬರೀ ಹಳೆಯ ಕಥೆ ಅಲ್ಲ. ಅಮೆರಿಕದಲ್ಲಿ ಇತ್ತೀಚೆಗೆ ಅಂಕಗಳಿಂದ ಶಿಕ್ಷಕರನ್ನು ಅಳೆಯುವ ಸೂತ್ರಗಳು ಬಂದಾಗ, ಅಲ್ಲಿನ ಸಂಖ್ಯಾಶಾಸ್ತ್ರ ಸಂಘ 2014ರಲ್ಲಿ ಒಂದು ಹೇಳಿಕೆ ಕೊಟ್ಟಿತು: ಬಹುಪಾಲು ಅಧ್ಯಯನಗಳ ಪ್ರಕಾರ ಅಂಕಗಳ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14 ಮಾತ್ರ.

ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಎಲ್ಲಿ ತೊಡಕಾಗಿದೆ ಅಂತ ತಿಳಿಯಲು ಪರೀಕ್ಷೆ ಬೇಕೇ ಬೇಕು. ಆದರೆ ಅದನ್ನು ಮೇಷ್ಟ್ರ ಅನ್ನಕ್ಕೆ ಕಟ್ಟಿದ ಕೂಡಲೇ ತೊಡಕನ್ನು ತೋರಿಸುವ ಬದಲು ಮುಚ್ಚಿಡುವ ಆಸೆ ಹುಟ್ಟುತ್ತದೆ. ಗಡಿನಾಡಿನ ಕನ್ನಡ ಶಾಲೆಗಳಿಗೆ ಇದರಿಂದ ಇನ್ನೂ ಒಂದು ಅಪಾಯವಿದೆ: ಫಲಿತಾಂಶ ಇಳಿದಾಗ ಮೊದಲು ಮೇಷ್ಟ್ರ ಮೇಲೆ, ಆಮೇಲೆ ಭಾಷೆಯ ಮೇಲೆಯೇ ಅಪವಾದ ಬರುತ್ತದೆ. ಇದರ ಬಗ್ಗೆ, ಅದರಲ್ಲೂ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಅನುಭವದ ಬಗ್ಗೆ, ಚರ್ಚೆಯಲ್ಲಿ ನಿಮ್ಮಿಂದ ಕೇಳಲು ಇಷ್ಟಪಡುತ್ತೇನೆ.