ಗಣಕಯಂತ್ರದ ಕೀಲಿಕೈ ಯಾರ ಬಳಿ ಇರಬೇಕು?

ಯಂತ್ರವನ್ನು ಕೊಂಡವನೇ ಅದರ ಒಡೆಯ ಎಂಬುದು ನಮ್ಮ ತಲೆಮಾರಿನ ನಂಬಿಕೆ. ಸೈಕಲ್ಲಿರಲಿ, ಹೊಲಿಗೆ ಯಂತ್ರವಿರಲಿ, ಬಿಚ್ಚಿ ಜೋಡಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೇಜಿನ ಮೇಲಿನ ಗಣಕಯಂತ್ರವೂ ಇದೇ ಸಾಲಿನದು. ಮೊಬೈಲ್ ಫೋನಿನಂತೆ ಅದೂ ಮುಂದೆ ತಯಾರಕರ ಕೀಲಿಗೆ ಒಳಗಾಗುವುದೇ ಎಂಬ ಪ್ರಶ್ನೆ ಈಗ ಎದ್ದಿದೆ. ಇದನ್ನು ತಂತ್ರಜ್ಞರಿಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಏಕೆಂದರೆ ಗಣಕದಲ್ಲಿ ಕನ್ನಡ ಬೆಳೆದ ಚರಿತ್ರೆಯೇ ಈ ಪ್ರಶ್ನೆಗೆ ತಳುಕು ಹಾಕಿಕೊಂಡಿದೆ.

1981ರಲ್ಲಿ ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ಒಳರಚನೆಯ ವಿವರಗಳನ್ನೂ ಪ್ರಕಟಿಸಿತು. ಅದನ್ನು ಅನುಸರಿಸಿ ಬೇರೆಯವರೂ ಯಂತ್ರಗಳನ್ನು ಕಟ್ಟಿದರು, ಯಾರು ಬೇಕಾದರೂ ತಂತ್ರಾಂಶ ಬರೆದರು. ಈ ತೆರೆದ ಬಾಗಿಲಿನಿಂದಲೇ ಕನ್ನಡ ಒಳಗೆ ಬಂದಿತು. ಶ್ರೀ ಕೆ. ಪಿ. ರಾವ್ ಅವರು ಕನ್ನಡಕ್ಕೊಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ನೀಡಿದರು. 1998ರಲ್ಲಿ ಶ್ರೀ ಶೇಷಾದ್ರಿ ವಾಸು ಅವರ ‘ಬರಹ’ ಬಂದಿತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿ, ಶಾಲೆಗಳನ್ನು ತಲುಪಿತು. ಮೈಕ್ರೋಸಾಫ್ಟ್ ಸಂಸ್ಥೆ ತಾನೇ ಕನ್ನಡವನ್ನು ಅಳವಡಿಸಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಅಂದರೆ ಯಂತ್ರದ ದೊಡ್ಡ ಕಂಪನಿ ನಮ್ಮತ್ತ ನೋಡುವ ಮೊದಲೇ ನಮ್ಮವರು ಕೆಲಸ ಮುಗಿಸಿದ್ದರು. ಅದಕ್ಕೆ ಅವರು ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ.

ಹಾಗೆಂದು ಆಗ ಕೀಲಿಗಳೇ ಇರಲಿಲ್ಲವೆಂದಲ್ಲ. ಕೆಲವು ಕನ್ನಡ ತಂತ್ರಾಂಶಗಳು ಯಂತ್ರದ ಹಿಂಬದಿಗೆ ಸಿಕ್ಕಿಸುವ ‘ಡಾಂಗಲ್’ ಎಂಬ ಪುಟ್ಟ ಸಾಧನವಿಲ್ಲದೆ ತೆರೆಯುತ್ತಿರಲಿಲ್ಲ. ಅಕ್ಷರಗಳ ಸಂಕೇತವೂ ಒಬ್ಬೊಬ್ಬರದು ಒಂದೊಂದು ಬಗೆ. ಶಹಾಪುರದ ಡಿಟಿಪಿ ಅಂಗಡಿಯಲ್ಲಿ ಬೆರಳಚ್ಚಾದ ಪ್ರಶ್ನೆಪತ್ರಿಕೆ ಯಾದಗಿರಿಯ ಅಂಗಡಿಯಲ್ಲಿ ತೆರೆದರೆ ಅಕ್ಷರಗಳ ಬದಲು ವಿಚಿತ್ರ ಚಿಹ್ನೆಗಳು ಕಾಣುತ್ತಿದ್ದವು. ಬರೆದವರು ನಾವು, ಓದುವ ಹಕ್ಕು ಮಾತ್ರ ಫಾಂಟು ಮಾರಿದವರದು! ಈ ಕೀಲಿಯನ್ನು ಮುರಿದದ್ದು ಎಲ್ಲರಿಗೂ ಸಮಾನವಾದ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿದ್ದರೂ ಬಳಕೆಗೆ ಬರಲು ಬಹಳ ವರ್ಷಗಳು ಹಿಡಿದವು.

ಇದಕ್ಕೆ ಪ್ರತಿಯಾಗಿ ಫೋನಿನ ಕಥೆಯನ್ನು ನೋಡಿ. ಆಪಲ್ ಸಂಸ್ಥೆಯ ಐಫೋನ್ 2007ರಲ್ಲಿ ಬಂದಿತು. ಹೊರಗಿನವರು ಸಿದ್ಧಪಡಿಸಿದ ಕೀಲಿಮಣೆಗೆ ಅದರಲ್ಲಿ ಅವಕಾಶ ದೊರೆತದ್ದು 2014ರಲ್ಲಿ; ಕಂಪನಿಯೇ ಕನ್ನಡದ ಕೀಲಿಮಣೆಯನ್ನು ಕೊಟ್ಟದ್ದು 2017ರಲ್ಲಿ. ಕನ್ನಡದಲ್ಲಿ ತಂತ್ರಜ್ಞರು ಹೇರಳವಾಗಿದ್ದ ಕಾಲವದು. ಆದರೂ ಬಾಗಿಲು ಒಳಗಿನಿಂದ ತೆರೆಯುವವರೆಗೆ ಹೊಸ್ತಿಲಲ್ಲಿ ನಿಲ್ಲಬೇಕಾಯಿತು.

ಮೇಜಿನ ಗಣಕವೂ ಆ ದಿಕ್ಕಿಗೆ ಹೊರಳಬಲ್ಲದು ಎಂಬುದಕ್ಕೆ ಸೂಚನೆಗಳಿವೆ. 2012ರಲ್ಲಿ ವಿಂಡೋಸ್ 8ರೊಂದಿಗೆ ‘ಸೆಕ್ಯೂರ್ ಬೂಟ್’ ವ್ಯಾಪಕವಾಯಿತು. ನಂಬಿಕೆಯ ಸಹಿ ಇಲ್ಲದ ಕಾರ್ಯಾಚರಣ ವ್ಯವಸ್ಥೆಯನ್ನು ಯಂತ್ರವು ಆರಂಭಿಸದಂತೆ ತಡೆಯುವುದು ಇದರ ಕೆಲಸ. ಸಾಮಾನ್ಯ ಗಣಕಗಳಲ್ಲಿ ಒಡೆಯನು ಇದನ್ನು ನಿಲ್ಲಿಸಬಹುದಾಗಿತ್ತು. ಅದೇ ವರ್ಷದ ವಿಂಡೋಸ್ ಆರ್‌ಟಿ ಯಂತ್ರಗಳಲ್ಲಿ ಆ ಅವಕಾಶವಿರಲಿಲ್ಲ. ಜನ ಅವನ್ನು ಕೊಳ್ಳಲಿಲ್ಲ, ಆ ಪ್ರಯೋಗ ಸೋತಿತು. 2021ರ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನು ಕಡ್ಡಾಯಗೊಳಿಸಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಾಗ, ಸುಸ್ಥಿತಿಯಲ್ಲಿದ್ದ ಎಷ್ಟೋ ಯಂತ್ರಗಳು ಆ ಕಂಪನಿಯ ಲೆಕ್ಕದಲ್ಲಿ ಮುದಿಯಾದವು.

ಭದ್ರತೆ ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ವೈರಸ್ ಹರಡಿ ಮಕ್ಕಳ ಅಂಕಪಟ್ಟಿಗಳು ಹಾಳಾಗುವುದನ್ನು ಕಂಡವರಿಗೆ ಕೀಲಿಯ ಬೆಲೆ ಗೊತ್ತು. ಪ್ರಶ್ನೆ ಇರುವುದು ಕೀಲಿಕೈಯ ಬಗ್ಗೆ. ನಮ್ಮ ಸುರಪುರದ ಇತಿಹಾಸವನ್ನೇ ನೆನೆಯಿರಿ. ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ಆಡಳಿತ ಮೆಡೋಸ್ ಟೇಲರನ ಕೈಯಲ್ಲಿತ್ತು. ಅವನು ದಕ್ಷ, ಜನಾನುರಾಗಿ; ಗುಡ್ಡದ ಮೇಲೆ ಅವನ ಮಂಜಿಲ್ ಇಂದಿಗೂ ನಿಂತಿದೆ. ಆದರೆ ಅವನಿಗೆ ಅಧಿಕಾರ ಬಂದದ್ದು ಬ್ರಿಟಿಷ್ ಕಂಪನಿಯಿಂದ. 1853ರಲ್ಲಿ ರಾಜ್ಯ ರಾಜನ ಕೈಗೆ ಬಂದರೂ, 1858ರ ದಂಗೆಯ ನಂತರ ಅದು ಉಳಿಯಲಿಲ್ಲ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಪಾಲಕ ಎಷ್ಟೇ ಒಳ್ಳೆಯವನಾದರೂ ಕೊನೆಯ ಮಾತು ಅವನನ್ನು ನೇಮಿಸಿದವರದೇ.

ಗಣಕಗಳು ಒಂದೇ ದಿನದಲ್ಲಿ ಮುಚ್ಚಿಹೋಗುತ್ತವೆಂದು ನಾನು ಭಾವಿಸುವುದಿಲ್ಲ. ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆಗಳಿವೆ. 2011ರ ನಂತರ ನಮ್ಮ ರಾಜ್ಯದ ಪ್ರೌಢಶಾಲಾ ‘ವಿಷಯ ಶಿಕ್ಷಕರ ವೇದಿಕೆ’ಯ ತರಬೇತಿಗಳಲ್ಲಿ ಉಬುಂಟು ಬಳಸಿ ಶಿಕ್ಷಕರು ಪಾಠಗಳನ್ನು ಸಿದ್ಧಪಡಿಸಿದರು. ವಿಂಡೋಸ್ ಕೈಬಿಟ್ಟ ಹಳೆಯ ಯಂತ್ರಗಳಿಗೂ ಅದರಲ್ಲಿ ಮರುಜೀವವುಂಟು. ಆದರೆ ಕೀಲಿ ಬೀಳುವುದು ಹಂತಹಂತವಾಗಿ, ಪ್ರತಿ ಹಂತದಲ್ಲೂ ನಮ್ಮ ಅನುಕೂಲದ ಹೆಸರಿನಲ್ಲಿ. ಆದ್ದರಿಂದ ಶಾಲೆಗಳಿಗೆ, ಕಚೇರಿಗಳಿಗೆ ಯಂತ್ರ ಕೊಳ್ಳುವವರು ಬೆಲೆಯ ಜೊತೆಗೆ ಒಂದು ಮಾತನ್ನು ಕೇಳಬೇಕು: ಇದರಲ್ಲಿ ನಮಗೆ ಬೇಕಾದ ವ್ಯವಸ್ಥೆಯನ್ನು ನಾವೇ ಹಾಕಿಕೊಳ್ಳಬಹುದೇ?

ಕನ್ನಡ ಹೇಗೋ ಒಳಗೆ ಬಂದು ನೆಲೆಯೂರಿದೆ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ನುಡಿಯಿದೆ. ನಾಳೆ ಅಲ್ಲಿನ ಹುಡುಗಿಯೊಬ್ಬಳು ತನ್ನ ತಾಯಿನುಡಿಗೆ ನಿಘಂಟನ್ನೋ ಕೀಲಿಮಣೆಯನ್ನೋ ಮಾಡಹೊರಟರೆ, ಕೆ. ಪಿ. ರಾಯರಿಗೆ ಸಿಕ್ಕ ತೆರೆದ ಯಂತ್ರ ಅವಳಿಗೂ ಸಿಗಬೇಕು.