27 ಸ್ಮೃತಿಹೇತುಗಳು: ನ್ಯಾಯಸೂತ್ರದ ಒಂದು ತಪ್ಪು ಓದು

ನ್ಯಾಯಸೂತ್ರದ ಮೂರನೆಯ ಅಧ್ಯಾಯ, ಎರಡನೆಯ ಆಹ್ನಿಕದಲ್ಲಿ ಸ್ಮೃತಿಯ ಕಾರಣಗಳನ್ನು ಎಣಿಸುವ ಉದ್ದನೆಯ ಸೂತ್ರವೊಂದಿದೆ. ಪ್ರಣಿಧಾನದಿಂದ (ನೆನೆಯಬೇಕೆಂದು ಮನಸ್ಸನ್ನು ಒಂದೆಡೆ ನಿಲ್ಲಿಸುವುದು) ಅಧರ್ಮದವರೆಗೆ ಒಟ್ಟು 27. ಇದನ್ನು ‘ಸಾಹಚರ್ಯ ನಿಯಮ’ಗಳ (ಒಂದು ಯೋಚನೆ ಇನ್ನೊಂದನ್ನು ಎಳೆದು ತರುವ ಬಗೆಗಳ) ಪಟ್ಟಿಯೆಂದು ಕರೆದು, ಅರಿಸ್ಟಾಟಲ್ ಹೇಳಿದ ಸಾದೃಶ್ಯ, ವಿರೋಧ, ಸಾಮೀಪ್ಯಗಳ ಪಕ್ಕದಲ್ಲಿಟ್ಟು ತೂಗುವ ವಾಡಿಕೆ ಬೆಳೆದಿದೆ. ಹಾಗೆ ತೂಗಿದರೆ ಸೂತ್ರಕಾರ ಗೌತಮನ ಪಟ್ಟಿ ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ದೋಷ ಪಟ್ಟಿಯದಲ್ಲ, ಸೂತ್ರವನ್ನು ಪ್ರಕರಣದಿಂದ ಕಿತ್ತು ಓದಿದವರದು.

ಜ್ಞಾನವು ಆತ್ಮನ ಗುಣವೆಂದು ಸಾಧಿಸುವುದು ಆ ಪ್ರಕರಣದ ಉದ್ದೇಶ. ಅದಕ್ಕೆ ಏಳುವ ಆಕ್ಷೇಪ ಇದು: ಅನುಭವಗಳು ಬಿಟ್ಟುಹೋದ ಅಚ್ಚುಗಳು, ಅಂದರೆ ಸಂಸ್ಕಾರಗಳೆಲ್ಲ ಆತ್ಮನಲ್ಲೇ ಇದ್ದರೆ, ಕಂಡದ್ದು ಕೇಳಿದ್ದೆಲ್ಲ ಒಮ್ಮೆಗೇ ಏಕೆ ನೆನಪಿಗೆ ಬರುವುದಿಲ್ಲ? ಉತ್ತರ ಪಟ್ಟಿಗಿಂತ ಕೆಲವು ಸೂತ್ರಗಳ ಮೊದಲೇ ಬಂದಿದೆ (ರೂಢಿಯ ಎಣಿಕೆಯಲ್ಲಿ 33ನೆಯದು, ಮುದ್ರಣದಿಂದ ಮುದ್ರಣಕ್ಕೆ ಸಂಖ್ಯೆ ತುಸು ಬದಲಾಗುತ್ತದೆ). ಪ್ರಣಿಧಾನ, ಲಿಂಗಜ್ಞಾನ (ಗುರುತಿನ ಅರಿವು) ಮೊದಲಾದವು ಏಕಕಾಲಕ್ಕೆ ಒದಗುವುದಿಲ್ಲ. ಆದ್ದರಿಂದ ನೆನಪುಗಳೂ ಏಕಕಾಲಕ್ಕೆ ಏಳುವುದಿಲ್ಲ. ಆ ‘ಮೊದಲಾದವು’ ಯಾವುವು ಎಂಬುದನ್ನು ಬಿಡಿಸಿ ಹೇಳುವುದಷ್ಟೇ 27ರ ಪಟ್ಟಿಯ ಕೆಲಸ. ಒಂದು ಯೋಚನೆ ಇನ್ನೊಂದನ್ನು ಹೇಗೆ ಎಳೆದು ತರುತ್ತದೆ ಎಂಬುದು ಇಲ್ಲಿನ ಪ್ರಶ್ನೆಯೇ ಅಲ್ಲ. ಒಳಗೆ ಇದ್ದದ್ದು ಏಕೆ ಹೊರಗೆ ಬಾರದು ಎಂಬುದು ಪ್ರಶ್ನೆ.

ಈ ಸೂತ್ರಗಳಿಗೆ ವಾತ್ಸ್ಯಾಯನ ಬರೆದ ಭಾಷ್ಯವನ್ನು ಕೊನೆಯವರೆಗೆ ಓದಿದ್ದರೆ ಈ ಗೊಂದಲ ಹುಟ್ಟುತ್ತಿರಲಿಲ್ಲ. ಅವನ ಉದಾಹರಣೆಗಳು ದಿನಬಳಕೆಯವು. ದನದ ಮೈಮೇಲಿನ ಗುರುತು ಕಂಡರೆ ಅದು ಯಾವ ಗೋತ್ರದವರ ದನವೆಂದು ನೆನಪಾಗುತ್ತದೆ. ಒರೆ ಕಂಡರೆ ಕತ್ತಿ ನೆನಪಾಗುತ್ತದೆ. ನೆನಪಿಡಬೇಕಾದದ್ದನ್ನು ಚೆನ್ನಾಗಿ ಗೊತ್ತಿರುವ ವಸ್ತುಗಳ ಮೇಲೆ ಇರಿಸಿಕೊಳ್ಳುವ ಧಾರಣಾಶಾಸ್ತ್ರದ ಕ್ರಮವನ್ನೂ ಅವನು ‘ನಿಬಂಧ’ದ ಅಡಿಯಲ್ಲಿ ಹೇಳುತ್ತಾನೆ. ಉದಾಹರಣೆಗಳನ್ನು ಎಲ್ಲರೂ ಎತ್ತಿಕೊಂಡಿದ್ದಾರೆ, ಸಮಾಪ್ತಿಯನ್ನು ಬಿಟ್ಟಿದ್ದಾರೆ. ಈ ನಿಮಿತ್ತಗಳ ಅರಿವು ಒಟ್ಟಿಗೆ ಆಗುವುದಿಲ್ಲವಾದ್ದರಿಂದ ಸ್ಮರಣೆಯೂ ಒಟ್ಟಿಗೆ ಆಗದು, ಇದು ನಿದರ್ಶನವೇ ಹೊರತು ಪೂರ್ಣ ಪರಿಗಣನೆಯಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಪಟ್ಟಿ ಅಪೂರ್ಣ, ಅಸ್ತವ್ಯಸ್ತ ಎಂದು ಮೂಗು ಮುರಿಯುವವರಿಗೆ ಭಾಷ್ಯಕಾರನೇ ಉತ್ತರ ಕೊಟ್ಟಾಗಿದೆ.

ಸಾದೃಶ್ಯ, ವಿರೋಧಗಳು ಸಾಹಚರ್ಯವಲ್ಲವೇ ಎಂದು ಕೇಳಬಹುದು. ಹೌದು, ಆ ಎರಡನ್ನಷ್ಟೇ ನೋಡಿದರೆ. ಆದರೆ ಪಟ್ಟಿಯಲ್ಲಿ ಧರ್ಮವೂ ಇದೆ. ಜನ್ಮಾಂತರದ ನೆನಪಿಗೂ, ಇಲ್ಲಿ ಓದಿ ಕೇಳಿದ್ದು ಮನಸ್ಸಿನಲ್ಲಿ ನಿಲ್ಲುವುದಕ್ಕೂ ಅದು ಕಾರಣವೆನ್ನುತ್ತಾನೆ ವಾತ್ಸ್ಯಾಯನ. ಧರ್ಮ ಕಣ್ಣಿಗೆ ಕಾಣದ ಆತ್ಮಗುಣ. ಅದನ್ನು ಯಾರೂ ಇನ್ನೊಂದು ಯೋಚನೆಯ ಜೊತೆ ಕಟ್ಟಿಟ್ಟಿರುವುದಿಲ್ಲ. ಅದನ್ನು ‘ಸೂಚನೆ’ (ನೆನಪಿಗೆ ತರುವ ಸುಳಿವು) ಎನ್ನುವುದೂ ಪೂರ್ತಿ ಒಗ್ಗದು ಎಂಬುದನ್ನು ಒಪ್ಪಬೇಕು. ಸಂಸ್ಕಾರವನ್ನು ಎಬ್ಬಿಸುವ ಸಹಕಾರಿ ಎಂದರೆ ಮಾತ್ರ 27ಕ್ಕೂ ಜಾಗ ಸಿಗುತ್ತದೆ. ನಂತರದ ನೈಯಾಯಿಕರು ಉದ್ಬೋಧಕವೆಂದದ್ದು ಇದನ್ನೇ.

ಈ ಪಟ್ಟಿಯಲ್ಲಿ ಇಂದಿನ ಮನೋವಿಜ್ಞಾನವನ್ನೇ ಕಾಣುವ ಇನ್ನೊಂದು ಗುಂಪಿನವರ ಉತ್ಸಾಹಕ್ಕೂ ಕಡಿವಾಣ ಬೇಕು. 1966ರಲ್ಲಿ ಮನೋವಿಜ್ಞಾನಿಗಳಾದ ಟಲ್ವಿಂಗ್ ಮತ್ತು ಪರ್ಲ್‌ಸ್ಟೋನ್ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ 12, 24, 48 ಪದಗಳ ಪಟ್ಟಿಗಳನ್ನು ಕಲಿಸಿದರು. ಪದಗಳು ಸೇರಿದ ವರ್ಗಗಳ ಹೆಸರು ಕೊಟ್ಟಾಗ ವಿದ್ಯಾರ್ಥಿಗಳು ಹೆಚ್ಚು ಪದಗಳನ್ನು ಹೇಳಿದರು. ಪಟ್ಟಿ ಉದ್ದವಾದಷ್ಟೂ ಈ ಅಂತರ ಹಿಗ್ಗಿತು. ಸಂಗ್ರಹದಲ್ಲಿ ಇರುವುದು ಬೇರೆ, ಕೈಗೆ ಸಿಗುವುದು ಬೇರೆ ಎಂದು ಅಳೆದು ತೋರಿಸಿದ ಪ್ರಯೋಗವಿದು. ‘ನಮ್ಮಲ್ಲಿ ಇದು ಮೊದಲೇ ಇತ್ತು’ ಎನ್ನುವವರು 1973ರಲ್ಲಿ ಟಲ್ವಿಂಗ್ ಮತ್ತು ಥಾಮ್ಸನ್ ಮುಂದಿಟ್ಟ ನಿಯಮವನ್ನು ಮರೆಯುತ್ತಾರೆ: ಕಲಿಯುವಾಗ ಜೊತೆಗೆ ದಾಖಲಾದ ಸೂಚನೆಯೇ ಮುಂದೆ ಕೆಲಸ ಮಾಡುತ್ತದೆ. ದನದ ಗುರುತಿನ ಉದಾಹರಣೆ ಇದರ ಹತ್ತಿರ ಬರುತ್ತದೆ, ಆದರೆ ವಾತ್ಸ್ಯಾಯನ ಅದರಿಂದ ನಿಯಮ ತೆಗೆಯಲಿಲ್ಲ. ಅವನಿಗೆ ಬೇಕಿದ್ದದ್ದು ಆತ್ಮವಾದದ ಸಮರ್ಥನೆ.

ಹೀಗಾಗಿ ಗೌತಮನ ಪಟ್ಟಿಯನ್ನು ಸಾಹಚರ್ಯವಾದದ ಅಧ್ಯಾಯದಿಂದ ತೆಗೆದು ಮರೆವಿನ ಅಧ್ಯಾಯಕ್ಕೆ ಸೇರಿಸಬೇಕು. ಪಠ್ಯಗಳಲ್ಲಿ ಅದನ್ನು ಅಚ್ಚು ಹಾಕುವವರು 33ನೆಯ ಸೂತ್ರವನ್ನೂ ಭಾಷ್ಯದ ಸಮಾಪ್ತಿಯನ್ನೂ ಜೊತೆಗೇ ಕೊಡಲಿ.