‘ಕರಗದು’ ಎಂಬ ಮಾತು

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಮಾತಿನ ಅರ್ಥವನ್ನು ತೂಗಿ ನೋಡುವುದು ಅಭ್ಯಾಸ. ರಸಾಯನಶಾಸ್ತ್ರದ ಚರಿತ್ರೆಯಲ್ಲಿ ‘ಕರಗದು’ ಎಂಬ ಒಂದು ಮಾತು ಪಟ್ಟ ಪಾಡನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಉಪ್ಪು ನೀರಿನಲ್ಲಿ ಕರಗುತ್ತದೆ, ಸುಣ್ಣದ ಕಲ್ಲು ಕರಗದು. ಇದು ಲೋಕವೆಲ್ಲ ಬಲ್ಲ ಸಂಗತಿ. ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡುಗಳ ದ್ರಾವಣಗಳನ್ನು ಬೆರೆಸಿದರೆ ಸುಣ್ಣಕಲ್ಲಿನ ಪುಡಿ ತಳಕ್ಕಿಳಿಯುತ್ತದೆ, ಉಪ್ಪು ನೀರಿನಲ್ಲಿ ಉಳಿಯುತ್ತದೆ. ಅಲ್ಲಿಗೆ ಕಥೆ ಮುಗಿಯಿತೆಂದೇ ಹಿಂದಿನವರು ಬಗೆದಿದ್ದರು. 1798ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋದ ಫ್ರೆಂಚ್ ವಿದ್ವಾಂಸ ಬರ್ತೊಲೆ, ಅಲ್ಲಿನ ಸರೋವರಗಳ ದಡದಲ್ಲಿ ಸೋಡಾ ಹೆಪ್ಪುಗಟ್ಟಿದ್ದುದನ್ನು ಕಂಡನು. ಉಪ್ಪು ಅಪಾರವಾಗಿದ್ದೆಡೆ ‘ಕರಗದ’ ಸುಣ್ಣಕಲ್ಲೂ ಅದರೊಡನೆ ವರ್ತಿಸಿ, ಕ್ರಿಯೆ ಹಿಮ್ಮುಖವಾಗಿ ಹರಿಯುವುದೆಂದು ಅವನು ತರ್ಕಿಸಿದನು.

ಪ್ರಮಾಣದ ಈ ಮಹಿಮೆಗೆ ಗಣಿತದ ರೂಪ ಕೊಟ್ಟವರು ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬ ಭಾವಮೈದುನರು. ಬೇರಿಯಂ ಸಲ್ಫೇಟನ್ನು ಪೊಟ್ಯಾಸಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಕಾಯಿಸಿದರೆ, ಅದರ ಒಂದು ಭಾಗ ಬೇರಿಯಂ ಕಾರ್ಬೋನೇಟಾಗಿ ಮಾರ್ಪಟ್ಟು ಕ್ರಿಯೆ ನಡುವೆಯೇ ನಿಲ್ಲುವುದನ್ನು ಅವರು ಅಳೆದು ತೋರಿಸಿದರು. ತಮ್ಮ ನಿಯಮವನ್ನು 1864ರಲ್ಲಿ ನಾರ್ವೀಜಿಯನ್ ಭಾಷೆಯಲ್ಲಿ ಪ್ರಕಟಿಸಿದಾಗ ಲೋಕ ಕಿವಿಗೊಡಲಿಲ್ಲ. 1879ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದಮೇಲೆ ಮನ್ನಣೆ ದೊರೆಯಿತು. ಸಣ್ಣ ಭಾಷೆಯಲ್ಲಿ ದೊಡ್ಡ ಮಾತಾಡಿದವರ ಈ ಪಾಡು ನಮಗೆ ಅಪರಿಚಿತವೇನೂ ಅಲ್ಲ.

1889ರಲ್ಲಿ ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ‘ವಿಲೇಯತಾ ಗುಣಲಬ್ಧ’ದ ತತ್ತ್ವವನ್ನು ಮುಂದಿಟ್ಟನು. ತಳದಲ್ಲಿ ನಿಶ್ಚಲವಾಗಿ ಕಾಣುವ ಪುಡಿಯಿಂದ ವಿದ್ಯುದಂಶವುಳ್ಳ ಅಯಾನುಗಳು ಸದಾ ನೀರಿಗಿಳಿಯುತ್ತವೆ. ಅಷ್ಟೇ ಅಯಾನುಗಳು ಪುಡಿಗೆ ಮರಳುತ್ತವೆ. ಇದೇ ಸಮತೋಲ. ಬೇರಿಯಂ ಸಲ್ಫೇಟಿನಂಥ ಲವಣದಲ್ಲಿ ಎರಡು ಬಗೆಯ ಅಯಾನುಗಳ ಸಾಂದ್ರತೆಗಳನ್ನು ಗುಣಿಸಿದರೆ ಬರುವ ಮೊತ್ತ, ಉಷ್ಣತೆ ಬದಲಾಗದಿದ್ದಲ್ಲಿ, ಸ್ಥಿರ. ಒಂದು ಹೆಚ್ಚಿದರೆ ಇನ್ನೊಂದು ತಗ್ಗಬೇಕು. ಒಂದನ್ನು ತೆಗೆದರೆ ಪುಡಿ ಇನ್ನಷ್ಟು ಕರಗಬೇಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಬೇರಿಯಂ ಸಲ್ಫೇಟ್ ಸುಮಾರು 2.4 ಮಿಲಿಗ್ರಾಂ ಕರಗುತ್ತದೆ. ಅತ್ಯಲ್ಪ ನಿಜ, ಆದರೆ ಶೂನ್ಯವಲ್ಲ.

ಈ ಲೆಕ್ಕಾಚಾರ ಪ್ರಾಣದ ಪ್ರಶ್ನೆಯೂ ಹೌದು. ಬೇರಿಯಂ ಅಯಾನು ವಿಷ. ಆದರೂ ಹೊಟ್ಟೆಯ ಕ್ಷ-ಕಿರಣ ಚಿತ್ರ ತೆಗೆಯಲು ವೈದ್ಯರು ಬೇರಿಯಂ ಸಲ್ಫೇಟನ್ನು ಕುಡಿಸುತ್ತಾರೆ. ಅದು ಕರಗುವುದು ಅತ್ಯಲ್ಪವಾದ್ದರಿಂದ ರೋಗಿ ಕ್ಷೇಮವಾಗಿರುತ್ತಾನೆ. ಬೇರಿಯಂ ಕಾರ್ಬೋನೇಟೂ ಹಾಗೆಯೇ ಬಿಳಿಯ ಪುಡಿ, ನೀರಿನಲ್ಲಿ ಅದೂ ‘ಕರಗದು’. ಆದರೆ ಜಠರದ ಆಮ್ಲ ಕಾರ್ಬೋನೇಟ್ ಅಯಾನುಗಳನ್ನು ಅನಿಲವಾಗಿಸಿ ಹೊರದೂಡುತ್ತದೆ. ಸಮತೋಲ ತಪ್ಪಿ ಪುಡಿ ಕರಗುತ್ತಲೇ ಹೋಗುತ್ತದೆ. ಸಲ್ಫೇಟನ್ನು ಆ ಆಮ್ಲ ಹಾಗೆ ಕದಲಿಸಲಾರದು. ಒಂದು ಔಷಧಾಲಯದ ಪಾನೀಯ, ಇನ್ನೊಂದು ಇಲಿಪಾಷಾಣ! 2003ರಲ್ಲಿ ಬ್ರೆಜಿಲಿನಲ್ಲಿ ಆ ಪಾನೀಯಕ್ಕೆ ಕಾರ್ಬೋನೇಟ್ ಬೆರೆತು ಹಲವು ರೋಗಿಗಳು ಪ್ರಾಣ ಕಳೆದುಕೊಂಡರು.

‘ಅಲ್ಪವಿಲೇಯ’ ಎಂಬ ಶಾಸ್ತ್ರದ ಪದ ಸಾಹಿತ್ಯಾಸಕ್ತರ ಕಿವಿಗೆ ಒರಟಾಗಿ ಕೇಳಬಹುದು. ‘ಕರಗದು’ ಎಂಬುದರಿಂದ ಅಲ್ಲಿಗೆ ಬರಲು, ಬರ್ತೊಲೆಯಿಂದ ನೆರ್ನ್‌ಸ್ಟನವರೆಗೆ, ತೊಂಬತ್ತು ವರ್ಷ ಹಿಡಿಯಿತು. ಆ ಎರಡು ಮಾತುಗಳ ನಡುವಣ ಅಂತರ ಲೀಟರಿಗೆ ಕೆಲವು ಮಿಲಿಗ್ರಾಂ ಮಾತ್ರ. ಮನುಷ್ಯನ ಜೀವ ಅಷ್ಟರಲ್ಲಿಯೇ ಇದೆ.